ಒಂದು ಹೊಟ್ಟೆಯಿಂದ ಇನ್ನೊಂದಕ್ಕೆ

ನವೆಂಬರ್ ೪, ಸೋಮವಾರ

ಅಂಗನವಾಡಿಯಿಂದ ನಿವೃತ್ತಿಯಾದ ಮೇಲೆ ನಾನು ಪೆನ್ನು ಹಿಡಿದದ್ದು ಗ್ಯಾಸ್ ಸಿಲಿಂಡರ್ ಬಂದ ತಾರೀಖು ಗುರುತು ಹಾಕಲು ಮಾತ್ರ. ಇವತ್ತು ಬರೆಯಲೇಬೇಕು. ಬಾಯಿಬಿಟ್ಟರೆ ಮನೆಯಲ್ಲಿ ದೊಡ್ಡ ರಂಪವಾಗುತ್ತದೆ.

ಚೈತ್ರಳಿಗೆ ಎರಡನೇ ಸಲ ಕೊಟ್ಟ ಮಾತ್ರೆಗಳೂ ಕೆಲಸ ಮಾಡಿಲ್ಲ. ಏಳು ವರ್ಷದ ಮೊಮ್ಮಗಳು, ಯುಗಾದಿಯಿಂದ ಹೊಟ್ಟೆ ಹಿಡಿದುಕೊಂಡು ಬಗ್ಗಿ ಕೂರುತ್ತಾಳೆ. ಜೂನ್‌ನಲ್ಲಿ ಹಾಸನದ ಆಸ್ಪತ್ರೆಯಲ್ಲಿ ಬಾಯೊಳಗೆ ಪೈಪು ಬಿಟ್ಟು ನೋಡಿ, ಕರುಳಿನ ಬಾಯಲ್ಲಿ ಹುಣ್ಣಾಗಿದೆ, ಹೊಟ್ಟೆಯಲ್ಲಿ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಮನೆಮಾಡಿದೆ ಎಂದಿದ್ದರು. ಮಾತ್ರೆ ಕೊಟ್ಟರು, ಹೋಗಲಿಲ್ಲ. ಬೇರೆ ಮಾತ್ರೆ ಕೊಟ್ಟರು, ಅದಕ್ಕೂ ಹೋಗಿಲ್ಲವೆಂದು ಇವತ್ತಿನ ಪರೀಕ್ಷೆ ಹೇಳಿತು.

ಡಾಕ್ಟರ್ ವಾಣಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: "ಇದು ಬಾಯಿಂದ ಬಾಯಿಗೆ ಹೋಗೋ ಕಾಯಿಲೆ. ಮಕ್ಕಳಿಗೆ ಹೆಚ್ಚಾಗಿ ಮನೆಯವರಿಂದಲೇ ಬರೋದು. ಮಗೂಗೆ ಯಾರಾದ್ರೂ ಅಗಿದು ತಿನ್ನಿಸ್ತೀರಾ?"

ನನ್ನ ಮಗ ಗುರುವಿನ ಹೆಂಡತಿ ಕತ್ತು ತಿರುಗಿಸಿ ನನ್ನನ್ನು ನೋಡಿದಳು, ಅಷ್ಟೆ. ಅದಕ್ಕಿಂತ ನಾಲ್ಕು ಬೈದಿದ್ದರೆ ವಾಸಿಯಿತ್ತು.

ಹೌದು, ಅಗಿದು ಕೊಟ್ಟಿದ್ದೇನೆ. ಹಲ್ಲು ಬಾರದ ಕೂಸಿಗೆ ಕೋಳಿ ತುಂಡನ್ನು, ಹುರಿದ ಕಡಲೆಕಾಯಿ ಬೀಜವನ್ನು ಹಾಗೇ ಕೊಡಬೇಕಿತ್ತೇ? ನಮ್ಮವ್ವ ನನಗೆ ಕೊಟ್ಟಳು, ನಾನು ಗುರುವಿಗೆ ಕೊಟ್ಟೆ. ಅವನಿಗೇನಾಗಿದೆ? ಇವತ್ತಿಗೂ ಕಾಫಿ ಮೂಟೆಯನ್ನು ಒಬ್ಬನೇ ಎತ್ತಿ ತನ್ನ ಪಿಕಪ್ ಗಾಡಿಗೆ ಹಾಕುತ್ತಾನೆ.

ಊಟಕ್ಕೆ ಕೂತಾಗ ಮಗು ಮುದ್ದೆ ಮುಟ್ಟಲಿಲ್ಲ. ಕೊನೆಗೆ ನನ್ನ ಗುರು ತನ್ನ ತಟ್ಟೆಯಲ್ಲಿ ಉಳಿಸಿದ್ದ ಕೊನೇ ತುತ್ತನ್ನು ಅವಳ ಬಾಯಿಗಿಟ್ಟ. ಅದೊಂದನ್ನು ನುಂಗಿದಳು. ನಮ್ಮ ಮನೆಯಲ್ಲಿ ಅಪ್ಪನ ತಟ್ಟೆಯ ಕೊನೇ ತುತ್ತು ಮಗುವಿನದು. ನಮ್ಮ ಯಜಮಾನರು ಇದ್ದಾಗ ಗುರುವಿಗೂ ಹಾಗೇ ಕೊಡುತ್ತಿದ್ದರು. ಡಾಕ್ಟರ ಮಾತ್ರೆ ಮಾಡದ್ದನ್ನು ಅಪ್ಪನ ಕೈ ಮಾಡುತ್ತದೆ.

ನವೆಂಬರ್ ೮, ಶುಕ್ರವಾರ

ಮನೆ ಆಸ್ಪತ್ರೆಯಾಗಿದೆ. ಕುಂದೂರಿನವಳು, ನನ್ನ ಸೊಸೆ, ಸಕಲೇಶಪುರದಿಂದ ಹೊಸ ತಟ್ಟೆ, ಲೋಟ, ಚಮಚ ತಂದು ಮೇಲೆ ಚೈತ್ರ ಎಂದು ಹೆಸರು ಕೆತ್ತಿಸಿದ್ದಾಳೆ. ಮಗುವಿಗೆ ಕುದಿಸಿದ ನೀರು ಬೇರೆ. ನನ್ನ ಲೋಟ ಕಿಟಕಿಯ ಮೇಲೆ ಒಂಟಿಯಾಗಿ ಕೂತಿದೆ. ಬೆಳಿಗ್ಗೆ ಹುರುಳಿಕಾಳಿನ ಸಾರಿನ ಉಪ್ಪು ನೋಡಿ ಅದೇ ಸೌಟನ್ನು ಪಾತ್ರೆಗೆ ಹಾಕಿದೆನೆಂದು ಇಡೀ ಸಾರನ್ನು ಹಿತ್ತಿಲಿಗೆ ಚೆಲ್ಲಿದಳು.

"ನಾನೇನ್ ಮೈಲಿಗೆಯೇನಮ್ಮ?" ಎಂದೆ.

"ಡಾಕ್ಟ್ರು ಹೇಳಿದ್ದನ್ನ ಮಾಡ್ತಿದೀನಿ ಅತ್ತೆ."

"ಡಾಕ್ಟ್ರು ಸಾರು ಚೆಲ್ಲು ಅಂದ್ರಾ?"

ಮುಖ ಗಂಟು ಹಾಕಿಕೊಂಡು ಪಾತ್ರೆ ಉಜ್ಜಿದಳು. ಕಲಾಯಿ ಹೋಗುವಷ್ಟು ಉಜ್ಜಿದಳು.

ಸಂಜೆ ಗುರು ನಮ್ಮೂರು ದೋಣಿಗಲ್ಲಿನ ಎಸ್ಟೇಟಿನಿಂದ ಬಂದ. ಗಂಟಲು ಕೆರೆತ, ಮೈ ಬೆಚ್ಚಗೆ. ಏನೇ ಆದರೂ ಡಾಕ್ಟರ ಬಾಗಿಲು ತುಳಿಯುವವನಲ್ಲ ನನ್ನ ಮಗ. ಮೆಡಿಕಲ್ ಶಾಪಿನಲ್ಲಿ ಎರಡು ಆಂಟಿಬಯಾಟಿಕ್ ಮಾತ್ರೆ ತಗೊಂಡು ನುಂಗಿದರೆ ಮಾರನೇ ದಿನ ಗಾಡಿ ಹತ್ತುತ್ತಾನೆ. ವರ್ಷಗಳಿಂದ ಹೀಗೇ. ಗಂಡಸು ಹಾಗಿರಬೇಕು.

ಊಟದಲ್ಲಿ ತುತ್ತು ಕೊಡಲು ಮಗುವನ್ನು ಕರೆದಾಗ ಇವಳು ಅಡ್ಡ ಬಂದಳು. "ರೀ, ಸ್ವಲ್ಪ ದಿನ ಇದೂ ಬ್ಯಾಡ." ನನಗೆ ರೇಗಿಹೋಯಿತು. "ಇನ್ನು ಅವನ ಕೈಗೂ ಸೋಪು ಹಾಕ್ತೀಯೇನೆ? ಅದು ಎಂಜಲಲ್ಲ ಕಣೆ, ಅವರಪ್ಪನ ತುತ್ತು," ಎಂದೆ. ಗುರು ನಕ್ಕ. ಮಗು ಬಾಯಿ ತೆರೆಯಿತು. ಮನೆಯಲ್ಲಿ ಒಂದಾದರೂ ಮೊದಲಿನ ಹಾಗೇ ಉಳಿಯಲಿ.

ನವೆಂಬರ್ ೧೯, ಮಂಗಳವಾರ

ಆಸ್ಪತ್ರೆಯ ಬೆಂಚಿನ ಮೇಲೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಸ್ಕೂಲಿನ ಪ್ರಾರ್ಥನೆಯಲ್ಲಿ ಚೈತ್ರ ನಿಂತಲ್ಲೇ ಬಿದ್ದಳಂತೆ. ತುಟಿ ಬಿಳುಚಿಕೊಂಡಿತ್ತು. ಟೀಚರಮ್ಮನ ಫೋನು ಬಂದಾಗ ಗುರು ಇನ್ನೂ ಮನೆಯಲ್ಲಿದ್ದ, ಪುಣ್ಯ. ಪಿಕಪ್ಪಿನಲ್ಲೇ ಕರೆತಂದೆವು. ಎರಡು ದಿನದಿಂದ ಡಾಂಬರಿನ ಹಾಗೆ ಕಪ್ಪಗೆ ಕಕ್ಕಸು ಹೋಗುತ್ತಿತ್ತೆಂದು ಮಗು ಯಾರಿಗೂ ಹೇಳಿಲ್ಲ. ಹೇಳಿದರೆ ಮತ್ತೆ ಪೈಪು ಹಾಕುತ್ತಾರೆ ಎಂದು ಹೆದರಿಕೊಂಡಿದ್ದಳು. ಹುಣ್ಣಿನಿಂದ ರಕ್ತ ಸೋರಿ ಸೋರಿ ಮೈಯಲ್ಲಿ ರಕ್ತವೇ ಇಲ್ಲವಂತೆ. ಈಗ ಬಾಟಲಿ ಏರಿಸಿದ್ದಾರೆ. ಪೈಪೂ ಹಾಕಿದರು, ರಕ್ತ ನಿಲ್ಲಿಸಿದರು. ಆ ಸಣ್ಣ ಕೈಗೆ ಅಷ್ಟು ದೊಡ್ಡ ಸೂಜಿ.

ಡಾಕ್ಟರ್ ವಾಣಿ ನಮ್ಮ ಮೂವರನ್ನೂ ಕೂರಿಸಿದರು. "ಕಾಫಿ ಸೀಮೆಯವರಿಗೆ ಹೇಳೋದು ಸುಲಭ," ಎಂದರು. "ಅರೇಬಿಕಾ ಅಂದ್ರೆ ಎಲ್ಲಾ ಗಿಡ ಒಂದೇ ಅಲ್ಲ ಅಲ್ವಾ? ಒಂದು ತಳಿಗೆ ರೋಗ ಹತ್ತುತ್ತೆ, ಇನ್ನೊಂದು ತಡ್ಕೊಳುತ್ತೆ. ಈ ಬ್ಯಾಕ್ಟೀರಿಯಾದಲ್ಲೂ ಹಾಗೇ ತಳಿಗಳಿವೆ. ಮಗೂ ಹೊಟ್ಟೇಲಿರೋದು ಜೋರಾಗಿ ಹುಣ್ಣು ಮಾಡೋ ತಳಿ, ಮಾತ್ರೆಗೂ ಸಾಯ್ತಿಲ್ಲ. ಅದರ ಜೀನ್ ಓದೋಕೆ ಬೆಂಗಳೂರಿನ ಲ್ಯಾಬಿಗೆ ಕಳಿಸ್ತೀನಿ. ನಿಮ್ಮೆಲ್ಲರ ಹೊಟ್ಟೆಯಿಂದಲೂ ಸ್ಯಾಂಪಲ್ ಬೇಕು."

"ನಮ್ದು ಯಾಕೆ ಮೇಡಂ?" ಎಂದ ಗುರು.

"ಯಾರಿಂದ ಬಂತು ಅಂತ ಗೊತ್ತಾಗ್ಬೇಕು. ಇಲ್ಲಿ ವಾಸಿ ಮಾಡಿ ಕಳಿಸಿದ್ರೂ ಮನೇಲಿ ಅದೇ ಮತ್ತೆ ಹತ್ತಿದ್ರೆ? ಇಷ್ಟು ಚಿಕ್ಕ ಮಗೂಗೆ ಕೊಡೋಕೆ ಉಳಿದಿರೋ ಔಷಧಿ ಹೆಚ್ಚಿಲ್ಲ. ಮೂರನೇ ಸಲ ತಪ್ಪಬಾರದು. ಇನ್ನೊಂದು ಸಲ ಹೀಗೆ ರಕ್ತ ಹೋದ್ರೆ ಆಪರೇಷನ್ ಮಾತು ಬರುತ್ತೆ."

"ಈಗ ಕಾಫಿ ಹಣ್ಣಿನ ಕೊಯ್ಲು ಮೇಡಂ. ಸ್ಟೋರ್ ತುಂಬಾ ಮೂಟೆ ಬಿದ್ದವೆ. ನಂಗೇನೂ ಆಗಿಲ್ಲ, ನಾನು ಚೆನ್ನಾಗೇ ಇವ್ನಿ."

"ನಂದು ತಗೊಳ್ಳಿ ಮೊದ್ಲು," ಎಂದೆ ನಾನು. ಒಂದು ಸಲ ನನ್ನದಲ್ಲ ಎಂದು ಸಾಬೀತಾಗಿಬಿಡಲಿ. ಆಮೇಲೆ ನನ್ನ ಲೋಟವನ್ನು ಕಿಟಕಿಯಿಂದ ಯಾರು ಇಳಿಸುತ್ತಾರೆ ನೋಡುತ್ತೇನೆ.

ನವೆಂಬರ್ ೨೩, ಶನಿವಾರ

ಪೈಪು ಹಾಕಿಸಿಕೊಂಡೆ. ನನ್ನ ಶತ್ರುವಿಗೂ ಬೇಡ. ಗಂಟಲಿಗೆ ಕಹಿ ಔಷಧಿ ಹೊಡೆದು, ಹಲ್ಲಿನ ನಡುವೆ ಪ್ಲಾಸ್ಟಿಕ್ ಬಳೆ ಇಟ್ಟು, ಎಡಕ್ಕೆ ಮಲಗಿಸಿದರು. ಓಕರಿಕೆ ಬಂದು ಕಣ್ಣಲ್ಲಿ ನೀರು ಸುರಿಯಿತು. ಇದನ್ನು ಆ ಕೂಸು ಎರಡು ಸಲ ಅನುಭವಿಸಿದೆ.

ಸೊಸೆ ಬಿಂದುಶ್ರೀ ನನ್ನ ಕೈ ಹಿಡಿದುಕೊಂಡಿದ್ದಳು. ಬಿಡು ಎನ್ನಲು ಆಗಲಿಲ್ಲ, ಬಾಯಲ್ಲಿ ಪೈಪಿತ್ತು. ನನ್ನದಾದ ಮೇಲೆ ಅವಳೂ ಹೋಗಿ ಮಲಗಿದಳು. ಅವಳ ಕೈ ಹಿಡಿಯಲು ಯಾರೂ ಇರಲಿಲ್ಲ ಎಂದು ನಾನು ಹೋದೆ.

ಗುರುವಿಗೆ ಇವತ್ತೂ ಲೋಡು ಇತ್ತು.

ಡಿಸೆಂಬರ್ ೧೨, ಗುರುವಾರ

ರಿಪೋರ್ಟು ಬಂದಿಲ್ಲ.

ಮಗು ಮನೆಗೆ ಬಂದಿದೆ. ಹುಣ್ಣಿಗೆ ಒಂದು ಮಾತ್ರೆ, ರಕ್ತಕ್ಕೆ ಟಾನಿಕ್. ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ರಿಪೋರ್ಟು ಬಂದ ಮೇಲೇ. ಊಟಕ್ಕೆ ಕರೆದರೆ ಬಾಗಿಲ ಹಿಂದೆ ಹೋಗಿ ನಿಲ್ಲುತ್ತಾಳೆ. ನಾಲ್ಕು ಅಗುಳು ಅನ್ನ ಹೋದರೆ ಹೆಚ್ಚು. ನಾವೆಲ್ಲ ಸುತ್ತ ಕೂತು ಅವಳ ಗಂಟಲನ್ನೇ ನೋಡುತ್ತೇವೆ, ಇಳಿಯಿತೋ ಇಲ್ಲವೋ ಎಂದು. ಬಿಂದುಶ್ರೀಯೂ ಸರಿಯಾಗಿ ಉಣ್ಣುತ್ತಿಲ್ಲ. ರವಿಕೆ ಸಡಿಲವಾಗಿದೆ. ಒಂದು ಲೋಟ ಹಾಲು ಮುಂದಿಟ್ಟು, ಕುಡಿ, ಇಲ್ಲದಿದ್ದರೆ ನೀನೂ ಮಲಗುತ್ತೀಯ, ಆಮೇಲೆ ಇಬ್ಬರನ್ನೂ ನಾನು ಹೊರಬೇಕಾಗುತ್ತದೆ ಎಂದೆ. ಕುಡಿದಳು.

ಡಿಸೆಂಬರ್ ೨೦, ಶುಕ್ರವಾರ

ರಿಪೋರ್ಟು ಬಂತು.

ಮಗುವನ್ನು ಪಕ್ಕದ ಮನೆಯ ಹುಲಿಯಮ್ಮನ ಹತ್ತಿರ ಬಿಟ್ಟು ನಾವಿಬ್ಬರೇ ಬಸ್ಸಿನಲ್ಲಿ ಹೋಗಿದ್ದೆವು. ಡಾಕ್ಟರ್ ವಾಣಿ ನಿಧಾನವಾಗಿ ಹೇಳಿದರು. "ಬಿಂದುಶ್ರೀ ಹೊಟ್ಟೇಲಿ ಏನೂ ಇಲ್ಲ. ಮಾದಮ್ಮ, ನಿಮ್ಮದೂ ಮಗೂದೂ ಒಂದೇ ತಳಿ."

ನನಗೆ ಕೂತ ಕುರ್ಚಿಯೇ ಜಾರಿದ ಹಾಗಾಯಿತು. ಬಿಂದು ಈಗ ತಿರುಗಿ ನೋಡುತ್ತಾಳೆ, ನೋಡಲಿ, ಅವಳಿಗೆ ಹಕ್ಕಿದೆ ಎಂದುಕೊಂಡೆ. ಅವಳು ನೆಲ ನೋಡುತ್ತಿದ್ದಳು.

"ಪೂರ್ತಿ ಕೇಳಿ," ಎಂದರು ಡಾಕ್ಟರು. "ಒಂದು ಕಡೆ ವ್ಯತ್ಯಾಸ ಇದೆ. ಮಗೂಗೆ ನಾವು ಮೊದಲು ಕೊಟ್ಟ ಮಾತ್ರೆಯನ್ನ ನಿಮಗೆ ಕೊಟ್ಟರೆ ನಿಮ್ಮ ಹೊಟ್ಟೆಯದು ಸಾಯುತ್ತೆ. ಮಗೂದು ಸಾಯಲ್ಲ. ಅದರ ಜೀನ್ ಒಂದು ಜಾಗದಲ್ಲಿ ಬದಲಾಗಿದೆ. ಜೂನ್‌ನಲ್ಲಿ, ನಾವು ಔಷಧಿ ಶುರುಮಾಡೋಕೆ ಮುಂಚೆ ತೆಗೆದ ಸ್ಯಾಂಪಲ್ಲಿನಲ್ಲೂ ಹಾಗೇ ಇತ್ತು. ಅದಕ್ಕೂ ಮುಂಚೆ ಆ ಥರದ ಮಾತ್ರೆ ಮಗೂಗೆ ಕೊಟ್ಟಿದ್ರಾ?"

ಇಲ್ಲ ಎಂದಳು ಬಿಂದು. ಮಗುವಿಗೆ ಕೊಟ್ಟ ಪ್ರತಿ ಔಷಧಿಯ ಚೀಟಿ ಅವಳ ಹತ್ತಿರ ಇದೆ.

"ಹಾಗಾದ್ರೆ ನಿಮ್ಮಿಂದ ನೇರವಾಗಿ ಬಂದಿರೋ ಹಾಗೆ ಕಾಣಲ್ಲ. ನಡುವೆ ಇನ್ನೊಂದು ಹೊಟ್ಟೆ ಇರಬೇಕು. ಆ ಮನುಷ್ಯ ಈ ಮಾತ್ರೇನ ಆಗಾಗ ತಿಂದು, ಅರ್ಧಕ್ಕೆ ಬಿಟ್ಟು, ಮತ್ತೆ ತಿಂದು ಮಾಡಿದ್ದಾರೆ. ಸಾಯದೆ ಉಳಿದದ್ದು ಬಲಿತುಕೊಂಡು ಮಗೂಗೆ ಬಂದಿದೆ. ಖಚಿತವಾಗಬೇಕಾದ್ರೆ ಆ ಹೊಟ್ಟೆ ನೋಡ್ಬೇಕು. ಮಗೂ ಸ್ಯಾಂಪಲ್ ಲ್ಯಾಬಲ್ಲಿ ಬೆಳೀಲಿಲ್ಲ, ಯಾವ ಔಷಧಿಗೆ ಸಾಯುತ್ತೆ ಅನ್ನೋದೂ ಅಲ್ಲಿಂದಲೇ ತಿಳಿಯಬೇಕು."

ಬಿಂದು ಸೆರಗಿನ ತುದಿ ಸುತ್ತುತ್ತಿದ್ದಳು. ಅವಳು ಹೆಸರು ಹೇಳುವುದಿಲ್ಲ ಎಂದು ಗೊತ್ತಾಯಿತು. ಹೇಳಿದರೆ ನಾನು ಏನನ್ನುತ್ತೇನೋ ಎಂಬ ಹೆದರಿಕೆ ಅವಳಿಗೆ.

"ನನ್ನ ಮಗ ಮೇಡಂ," ಎಂದೆ. "ಗಂಟಲು ಕೆರೆದ್ರೆ ಎರಡು ಮಾತ್ರೆ. ಊಟ ಮಾಡಿದ್ಮೇಲೆ ಅವನ ತಟ್ಟೆಯ ಕೊನೇ ತುತ್ತು ಮಗೀಗೆ."

"ದಿನಾನಾ?"

"ದಿನಾ. ಹಲ್ಲು ಬಂದಾಗ್ಲಿಂದ."

ನಾವು ಸಾರು ಚೆಲ್ಲಿದೆವು, ಲೋಟ ಬೇರೆ ಮಾಡಿದೆವು, ನೀರು ಕುದಿಸಿದೆವು. ಅದೊಂದನ್ನು ಮಾತ್ರ ದೇವರ ಪ್ರಸಾದದ ಹಾಗೆ ಬಿಟ್ಟುಕೊಂಡು ಬಂದೆವು.

ಬಸ್ಸಿನಲ್ಲಿ ಬಿಂದು, "ನಾನು ಹೇಳಿದ್ರೆ ಅವ್ರು ಕೇಳಲ್ಲ ಅತ್ತೆ," ಎಂದಳು. ನಾನು ಹೇಳುತ್ತೇನೆ ಬಿಡು, ಗುರು ಇವತ್ತಿನವರೆಗೆ ನನ್ನ ಮಾತು ತೆಗೆದುಹಾಕಿಲ್ಲ ಎಂದೆ.

ಡಿಸೆಂಬರ್ ೨೧, ಶನಿವಾರ

ತೆಗೆದುಹಾಕಿದ.

"ತಳಿ ಯಾರ್ದು ಅಂದ್ರು? ನಿಂದು ತಾನೆ?" ಎಂದ. "ನೀನು ಅಗ್ದು ಅಗ್ದು ಹಾಕಿ, ಈಗ ನನ್ ಮ್ಯಾಲೆ ಎತ್ತಾಕ್ತಿದೀಯಲ್ಲವ್ವ."

"ನಂದೇ ಕಣೋ. ನಾನು ನಿಂಗೆ ಕೊಟ್ಟೆ, ನೀನು ಮಾತ್ರೆ ತಿಂದು ತಿಂದು ಅದ್ನ ಗಟ್ಟಿ ಮಾಡ್ದೆ. ಒಂದ್ ದಿನ ಬಂದು ಪೈಪ್ ಹಾಕುಸ್ಕಂಡ್ ಹೋಗು. ಮಗು ಔಷಧಿ ನಿನ್ನಿಂದ ನಿಂತೈತೆ."

"ಅವಳು ಹೇಳ್ಕೊಟ್ಟಿದ್ದಾ ಇದೆಲ್ಲ?"

ಊಟಕ್ಕೆ ಕೂತವನು ಬೇಕೆಂದೇ ಕೊನೇ ತುತ್ತು ಕಟ್ಟಿ, "ಬಾ ಮಗ," ಎಂದು ಕರೆದ. ಚೈತ್ರ ನಡುಮನೆಯಲ್ಲಿ ನಿಂತು ಅವರಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು. "ಅಪ್ಪಂಗೆ ಬೇಜಾರಾಗುತ್ತೆ," ಎಂದು ಮೆಲ್ಲಗೆ ಹೇಳಿ, ಹೋಗಿ ಬಾಯಿ ತೆರೆದಳು. ಬಿಂದು ಓಡಿ ಅವನ ಕೈ ಹಿಡಿದುಕೊಂಡಳು. ಅವನು ಕೊಡವಿದ. ಅವಳ ಮೊಣಕೈ ಬಾಗಿಲ ದಾರಂದಕ್ಕೆ ಬಡಿಯಿತು. ತುತ್ತು ನೆಲಕ್ಕೆ ಬಿತ್ತು. ಮಗು ಅದನ್ನು ಎತ್ತಿಕೊಳ್ಳಲು ಬಗ್ಗಿತು, ನಾನು ಎಳೆದುಕೊಂಡೆ.

ಗುರು ಊಟ ಬಿಟ್ಟು ಎದ್ದು ಹೋದ. ಕೊಯ್ಲಿನ ಸುಸ್ತು ಅವನಿಗೂ, ಪಾಪ. ಬಿಂದುವಿನ ಮೊಣಕೈಗೆ ಕೊಬ್ಬರಿ ಎಣ್ಣೆ ಹಚ್ಚಿದೆ. ಊದಿಕೊಂಡಿದೆ.

ಜನವರಿ ೩, ಶುಕ್ರವಾರ

ಗುರು ಸೋಮವಾರ ಆಸ್ಪತ್ರೆಗೆ ಬರುತ್ತೇನೆಂದ, ಬರಲಿಲ್ಲ. ಗುರುವಾರ ಎಂದ. ನಿನ್ನೆ ಗುರುವಾರ ಹೋಯಿತು. ಡಾಕ್ಟರ್ ವಾಣಿಯ ಫೋನು ಬಂದರೆ ಬಿಂದು ಹಿತ್ತಿಲಿಗೆ ಹೋಗಿ ಮಾತಾಡುತ್ತಾಳೆ. ಮಗುವಿಗೆ ರಕ್ತ ಮತ್ತೆ ಇಳಿದಿದೆ. ಸ್ಕೂಲು ಬಿಟ್ಟಿದ್ದಾಳೆ.

ಅವತ್ತಿನಿಂದ ಅವನು ಮಗುವಿನ ಜೊತೆ ಸರಿಯಾಗಿ ಮಾತಾಡಿಲ್ಲ. ಇವತ್ತು ಜಡೆ ಹಾಕುವಾಗ ಚೈತ್ರ ಕೇಳಿದಳು: "ಅಜ್ಜಿ, ಅಪ್ಪಂದು ತುತ್ತು ತಿಂದ್ರೆ ಅಪ್ಪ ಮಾತಾಡ್ತಾರೆ ಅಲ್ವ? ಒಂದೇ ಒಂದು ತಿಂತೀನಿ. ಅಮ್ಮಂಗೆ ಹೇಳ್ಬೇಡ."

ಜಡೆ ಅರ್ಧಕ್ಕೆ ಬಿಟ್ಟು ಎದ್ದು ಅಂಗಳಕ್ಕೆ ಹೋದೆ. ಅವನು ಪಿಕಪ್ಪು ತೊಳೆಯುತ್ತಿದ್ದ.

"ಸೋಮವಾರ ಹಾಸನಕ್ಕೆ ಬತ್ತೀಯೋ ಇಲ್ವೋ?"

"ಆದ್ರೆ ನೋಡಾಣ."

"ನೋಡಾಣ ಅಂದ್ರೆ?"

"ನೋಡಾಣ ಅಂದ್ರೆ ನೋಡಾಣ ಕಣವ್ವ, ತಲೆ ತಿನ್ಬ್ಯಾಡ."

ಒಳಗೆ ಬಂದು ಅಟ್ಟದಿಂದ ಬ್ಯಾಗು ಇಳಿಸಿದೆ. ಬಿಂದು ಗಾಬರಿಯಾಗಿ ಎಲ್ಲಿಗೆ ಎಂದಳು. ನಿಮ್ಮವ್ವನ ಮನೆಗೆ ಎಂದೆ. ಅವನ ಜೊತೆ ಒಂದೇ ತಟ್ಟೆಯ ಹತ್ತಿರ ಮಗು ಇರುವುದು ಬೇಡ.

"ನಾನೂ ಮಗೂನೂ ಹೋಗ್ಬೇಕಾ ಅತ್ತೆ?" ಅವಳ ಕಣ್ಣು ತುಂಬಿತ್ತು. ನಾನು ಮನೆಯಿಂದ ಹೊರಗೆ ಹಾಕುತ್ತಿದ್ದೇನೆ ಎಂದುಕೊಂಡಳೋ ಏನೋ.

"ನಾನೇನು ಇಲ್ಲೇ ಕೂತು ಅವನಿಗೆ ಮುದ್ದೆ ಕಟ್ಲಾ? ನನ್ನ ಸೀರೇನೂ ಇಡು ಅದ್ರೊಳಗೆ."

ಜನವರಿ ೬, ಸೋಮವಾರ

ಕುಂದೂರು. ಬೀಗರ ಮನೆ. ಮಗನ ಮನೆ ಬಿಟ್ಟು ಸೊಸೆಯ ತವರಿಗೆ ಬ್ಯಾಗು ಹಿಡಿದುಕೊಂಡು ಬಂದ ಅತ್ತೆಯನ್ನು ಈ ಊರು ನೋಡಿರಲಿಕ್ಕಿಲ್ಲ. ಬಸ್ಸಿಳಿದು ನಡೆಯುವಾಗ ಕಟ್ಟೆಯ ಮೇಲಿನವರು ಬೀಡಿ ಸೇದುವುದನ್ನೂ ನಿಲ್ಲಿಸಿದರು.

ಬಿಂದುವಿನ ತಾಯಿ ಚೆಲುವಮ್ಮ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಒಂದು ಗಂಟೆ ಕಳೆದ ಮೇಲೆ ಮೆಲ್ಲಗೆ ಕೇಳಿದರು: "ಎಷ್ಟು ದಿವ್ಸ ಇರ್ತೀರಿ ಬೀಗಿತ್ತಿ?"

"ನಿಮ್ಮ ಅಳಿಯಂಗೆ ಬುದ್ಧಿ ಬರೋಗಂಟ."

"ಹಂಗಾದ್ರೆ ನಿಮ್ಗೊಂದು ಮಂಚ ಹಾಕಿಸ್ಬೇಕು," ಎಂದರು. ಮೂವರೂ ನಕ್ಕೆವು. ಆಮೇಲೆ ಚೆಲುವಮ್ಮ ಅಡುಗೆಮನೆಗೆ ಹೋಗಿ ಅತ್ತರು. ಬಿಂದು ಅವರ ಬೆನ್ನು ಸವರುತ್ತಾ ನಿಂತಿದ್ದಳು, ಇನ್ನೂ ಊತ ಇಳಿಯದ ಮೊಣಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು.

ಜನವರಿ ೧೪, ಮಂಗಳವಾರ

ಸಂಕ್ರಾಂತಿ. ಬೆಳಿಗ್ಗೆ ನಮ್ಮ ಮೈದುನ ಬಸವರಾಜು ಫೋನು ಮಾಡಿದ. ನೆಂಟರೆಲ್ಲ ಸೇರಿ ಅವನಿಂದ ಮಾಡಿಸಿದ್ದಾರೆ. "ಬೀಗರ ಮನೇಲಿ ಹೋಗಿ ಕೂತ್ರೆ ಜನ ಏನಂತಾರೆ ಅತ್ಗೆ?"

"ಜನಕ್ಕೆ ಹೊಟ್ಟೆನೋವಿಲ್ಲ ಕಣೋ ಬಸವರಾಜು. ಮಗೀಗೈತೆ," ಎಂದು ಇಟ್ಟೆ.

ಎಳ್ಳು ಬೀರಲು ಚೈತ್ರಳಿಗೆ ಲಂಗ ಹಾಕಿದ್ದೆವು. ಹೊಸಿಲು ದಾಟುವ ಮುಂಚೆ ವಾಂತಿ ಮಾಡಿಕೊಂಡಳು. ಕಾಫಿ ಗಸಿಯ ಹಾಗೆ ಕಪ್ಪು, ನಡುವೆ ಕೆಂಪು ಎಳೆ. ಆಟೋದಲ್ಲಿ ಆಲೂರು, ಅಲ್ಲಿಂದ ಹಾಸನ. ದಾರಿಯುದ್ದಕ್ಕೂ ಬಿಂದು ಮಗುವಿನ ಕೆನ್ನೆ ತಟ್ಟುತ್ತಾ ಮಗ್ಗಿ ಹೇಳಿಸಿದಳು, ಕಣ್ಣು ಮುಚ್ಚದಿರಲಿ ಎಂದು. ಆರರ ಮಗ್ಗಿಯಲ್ಲಿ ಮಗು ನಿಲ್ಲಿಸಿಬಿಟ್ಟಿತು.

ಮತ್ತೆ ರಕ್ತದ ಬಾಟಲಿ. ಡಾಕ್ಟರ್ ವಾಣಿ ನಮ್ಮನ್ನು ಬೈಯಲಿಲ್ಲ. "ಇನ್ನು ಹೆಚ್ಚು ದಿನ ಕಾಯೋಕಾಗಲ್ಲ. ಅವರು ಬರದಿದ್ರೆ ಯಾವ ಔಷಧಿ ಹಿಡಿಯುತ್ತೆ ಅಂತ ಅಂದಾಜಿನ ಮೇಲೆ ಕೊಡಬೇಕಾಗುತ್ತೆ. ಆ ಮನೆಗೆ ಮಗೂನ ವಾಪಸ್ ಕಳಿಸು ಅಂತ ನಾನಂತೂ ಹೇಳಲ್ಲ," ಎಂದರು.

ಅವನಿಗೆ ಫೋನು ಮಾಡಿ, ಮಗು ರಕ್ತ ಕಕ್ಕಿದೆ, ಆಸ್ಪತ್ರೆಯಲ್ಲಿದ್ದೇವೆ ಎಂದಷ್ಟೇ ಹೇಳಿದೆ. ಅವ್ವಾ ಎಂದ. ಮುಂದಿನದನ್ನು ನಾನು ಕೇಳಿಸಿಕೊಳ್ಳಲಿಲ್ಲ.

ಜನವರಿ ೧೫, ಬುಧವಾರ

ಬಂದ. ಗಡ್ಡ ಬಿಟ್ಟಿದ್ದ, ಗಾಡಿಯ ಬಟ್ಟೆಯಲ್ಲೇ ಇದ್ದ. ಗಾಜಿನ ಆಚೆಯಿಂದ ಮಗುವನ್ನು ನೋಡಿ ಬಂದು ನಾನು ಕೂತ ಬೆಂಚಿನ ಆ ತುದಿಯಲ್ಲಿ ಕೂತ. ಬಿಂದು ಒಳಗಿದ್ದಳು.

"ಅಪ್ಪಂಗೂ ಮೊದ್ಲು ಇಂಗೇ ಉರಿ ಇತ್ತು ಅಲ್ವೇನವ್ವ?" ಎಂದ.

ನನಗೆ ಆಗ ತಿಳಿಯಿತು. ನಮ್ಮ ಯಜಮಾನರಿಗೆ ಇದೇ ಹಾಸನದಲ್ಲಿ ಪೈಪು ಹಾಕಿದಾಗ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದರು. ಆ ಮಳೆಗಾಲ ಕಳೆಯುವುದರೊಳಗೆ ಹೋದರು. ಗುರು ಆಗ ಐದನೇ ಕ್ಲಾಸು.

"ನಂಗೂ ಉರೀತದೆ," ಎಂದ. "ಸುಮಾರು ವರ್ಸದಿಂದ. ಗ್ಯಾಸಿನ ಮಾತ್ರೆ ನುಂಗ್ಕಂಡು ಓಡಾಡ್ತಿವ್ನಿ. ಪೈಪ್ ಹಾಕಿದ್ರೆ ಅದೇ ಐತೆ ಅಂದ್ಬುಡ್ತಾರೆ. ಗೊತ್ತಾಗ್ದೆ ಇದ್ರೆ ಇನ್ನೊಂದಷ್ಟು ದಿನ ಗಾಡಿ ಓಡಿಸ್ಕಂಡು ಇರ್ಬೋದು ಅನ್ಕಂಡೆ. ಮಗೀದು ಇಷ್ಟು ಆಗ್ಬುಡ್ತದೆ ಅನ್ಕಂಡಿರ್ಲಿಲ್ಲ ಕಣವ್ವ."

ಇಷ್ಟು ದೊಡ್ಡ ಆಳು, ಮಗುವಿನ ಹಾಗೆ ಅಂಗೈಯಿಂದ ಮೂಗು ಒರೆಸಿಕೊಂಡ. ನನಗೂ ಹೆದರಿಕೆಯಾಯಿತು. ಪಕ್ಕಕ್ಕೆ ಸರಿದು ತಲೆ ಸವರಿದೆ.

"ನಂಗೆ ಹೆದ್ರಿಕೆ ಆಯ್ತದೆ ಕಣವ್ವ."

"ಹೆದರ್ಕಂಡೇ ಬಾ," ಎಂದೆ. "ನಿನ್ನ ಹೆದ್ರಿಕೆ ಹೋಗೋಗಂಟ ಮಗು ಕಾಯಕ್ಕಾಗಲ್ಲ."

ಜನವರಿ ೧೬, ಗುರುವಾರ

ಅವನನ್ನು ಒಳಗೆ ಕರೆದರು. ಜೊತೆಗೆ ಒಬ್ಬರು ಬರಬಹುದು ಎಂದಳು ನರ್ಸು. ಅವನು ನನ್ನನ್ನು ನೋಡಿದ. ನಾನು ಮಗುವಿನ ಹತ್ತಿರ ಇರುತ್ತೇನೆ, ಬಿಂದು ಹೋಗುತ್ತಾಳೆ ಎಂದೆ. ಹೋಗುವುದೋ ಬಿಡುವುದೋ ಅವಳಿಗೆ ಬಿಟ್ಟದ್ದು. ಸ್ವಲ್ಪ ಹೊತ್ತು ನಿಂತಳು, ಆಮೇಲೆ ಹೋದಳು.

ಹೊರಗೆ ಬಂದಾಗ ಇಬ್ಬರ ಕಣ್ಣೂ ಕೆಂಪಗಿತ್ತು. ಗಡ್ಡೆ ಇಲ್ಲ. ಹಳೆಯ ಹುಣ್ಣಿನ ಕಲೆ ಇದೆ, ಹೊಸದೊಂದು ಹುಣ್ಣಿದೆ. ಡಾಕ್ಟರ್ ವಾಣಿ ತುಂಡು ತೆಗೆದು ಕಳಿಸಿದ್ದಾರೆ. ನಾನು ಗೋಡೆಗೆ ಒರಗಿ ಕೂತೆ.

ಫೆಬ್ರವರಿ ೯, ಭಾನುವಾರ

ಅದೇ ತಳಿ, ಜೀನಿನ ಅದೇ ಜಾಗದಲ್ಲಿ ಅದೇ ಬದಲಾವಣೆ. ಯಾವ ಔಷಧಿಗೆ ಸಾಯುತ್ತದೆ ಎಂಬುದೂ ರಿಪೋರ್ಟಿನಲ್ಲಿ ಬಂತು. ಮೂರು ಹೊಟ್ಟೆಗೂ ಒಂದೇ ದಿನ ಶುರು: ನನಗೆ, ಅವನಿಗೆ, ಮಗುವಿಗೆ. ಎಲ್ಲರೂ ದೋಣಿಗಲ್ಲಿಗೆ ವಾಪಸ್ ಬಂದಿದ್ದೇವೆ. ಬರುವ ಮುಂಚೆ ಬಿಂದು ಒಂದು ಮಾತು ಹೇಳಿದಳಂತೆ ಅವನಿಗೆ. ಇನ್ನೊಂದು ಸಲ ಕೈ ಕೊಡವಿದರೆ ಅತ್ತೆಯನ್ನೂ ಕರೆದುಕೊಂಡು ಹೋಗುತ್ತೇನೆ, ಬರುವುದಿಲ್ಲ ಎಂದು. ಸರಿಯಾಗಿಯೇ ಹೇಳಿದ್ದಾಳೆ.

ಬಾಯಲ್ಲಿ ತುಕ್ಕು ಹಿಡಿದ ಮೊಳೆ ಚೀಪಿದ ರುಚಿ. ಒಂದು ಮಾತ್ರೆಗೆ ನಾಲಿಗೆ ಕಪ್ಪಗಾಗುತ್ತದೆ, ಹೊರಗೆ ಹೋಗುವುದೂ ಕಪ್ಪಗೇ, ರಕ್ತ ಎಂದು ಹೆದರಬೇಡಿ ಎಂದಿದ್ದರು. ಆದರೂ ಮೊದಲ ದಿನ ಬಿಂದು ಓಡಿ ಬಂದು ನನ್ನ ತೋಳು ಹಿಡಿದುಕೊಂಡಳು. ನಂದೂ ಹಂಗೇ ಆಗೈತೆ ಕಣೆ ಎಂದ ಮೇಲೆ ಉಸಿರು ಬಿಟ್ಟಳು. ಅಪ್ಪ ಮಗಳು ಕನ್ನಡಿ ಮುಂದೆ ನಿಂತು ಯಾರ ನಾಲಿಗೆ ಹೆಚ್ಚು ಕಪ್ಪು ಎಂದು ನೋಡಿಕೊಳ್ಳುತ್ತಾರೆ. ಅವನಿಗೆ ಮಾತ್ರೆಯಿಂದ ತಲೆಸುತ್ತು. ನಾಲ್ಕನೇ ದಿನಕ್ಕೆ ಬಿಡುವ ಹಾಗೆ ಮುಖ ಮಾಡಿದ. ಚೀಟಿ ಮುಗಿಯುವವರೆಗೆ ಪ್ರತಿ ಮಾತ್ರೆಯನ್ನೂ ಅಂಗೈ ಮೇಲಿಟ್ಟು, ಅವನು ನುಂಗಿ ಬಾಯಿ ತೆರೆದು ತೋರಿಸುವವರೆಗೆ ನಾನು ಎದುರು ನಿಲ್ಲುತ್ತೇನೆ.

ಏಪ್ರಿಲ್ ೩, ಗುರುವಾರ

ಮಗುವಿನ ಪರೀಕ್ಷೆಯ ರಿಪೋರ್ಟು ಬಂತು. ಬ್ಯಾಕ್ಟೀರಿಯಾ ಇಲ್ಲ. ಅವನದೂ ಇಲ್ಲ, ನನ್ನದೂ ಇಲ್ಲ. ಡಾಕ್ಟರ್ ವಾಣಿ ಎರಡು ಸಲ ಓದಿ ಹೇಳಿದರು, ನಾನು ಇನ್ನೊಂದು ಸಲ ಓದಿ ಎಂದೆ.

ಬರುವಾಗ ಆಲೂರಿನಲ್ಲಿ ಹೋಟೆಲಿಗೆ ಹೋದೆವು. ಹಸಿವು ಎಂದಳು ಚೈತ್ರ. ಆ ಮಾತನ್ನು ಅವಳ ಬಾಯಲ್ಲಿ ಕೇಳಿ ವರ್ಷವಾಗಿತ್ತು. ನಾಲ್ವರಿಗೂ ಇಡ್ಲಿ ಬಂತು. ಒಂದನ್ನು ಚಟ್ನಿಯಲ್ಲಿ ಅದ್ದಿ ತಿಂದಳು. ಎರಡನೆಯದನ್ನು ಸಾಂಬಾರಿನಲ್ಲಿ ಮುಳುಗಿಸಿದಳು. ಇನ್ನೊಂದು ಪ್ಲೇಟು ಬೇಕು ಎಂದು ತಾನೇ ಸಪ್ಲೈಯರನ್ನು ಕರೆದಳು. ಗುರು ತಲೆ ಬಗ್ಗಿಸಿ ಮಗುವಿನ ಕೈಯನ್ನು ನೋಡುತ್ತಿದ್ದ. ಬಿಂದು ಗಂಟಲನ್ನು ನೋಡುತ್ತಿದ್ದಳು, ನಾನೂ ಅದನ್ನೇ. ಮೂರನೇ ಇಡ್ಲಿ ಮುರಿಯುತ್ತಾ ಮಗು ತಲೆಯೆತ್ತಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿತು.

"ಎಲ್ರೂ ನನ್ನೇ ಏನ್ ನೋಡ್ತೀರಾ? ನಿಮ್ ನಿಮ್ದು ತಿನ್ರಪ್ಪ, ಆರೋಯ್ತದೆ."

ಬಿಂದು ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ಅವಳು ತಿರುಗಿ ಬರುವವರೆಗೆ ಕಾದೆ. ಆಮೇಲೆ ತಿಂದೆವು.